ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಆನ್‌ಲೈನ್ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು, ಕಿನ್ನಾಳದ ಗೊಂಬೆ ಮಾಡುವವರು, ರಾಯಚೂರು ಕಡೆ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಸಂಘದ ಮಹಿಳೆಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಖಾತೆ ತೆರೆಯುವುದು ಹೇಗೆ ಎಂಬುದಕ್ಕೆ ಜಾಗ ಕೊಟ್ಟಿಲ್ಲ. ಅದು ಮೊಬೈಲಿನಲ್ಲಿ ಅರ್ಧ ದಿನದ ಕೆಲಸ. ದುಡ್ಡು ಸೋರುವುದು ಸರಕು ಮನೆ ಬಿಟ್ಟ ಮೇಲೆ. ಹಾಗಾಗಿ ಉತ್ತರಗಳೂ ಅತ್ತ ಕಡೆಯೇ ಉದ್ದವಾಗಿವೆ.

ನಮ್ಮ ಭಾಗದ ಯಾವ ಸರಕು ಆನ್‌ಲೈನ್‌ನಲ್ಲಿ ಗಿಟ್ಟುತ್ತದೆ?

ತೂಕ ಕಡಿಮೆ, ಬೆಲೆ ಹೆಚ್ಚು, ದಾರಿಯಲ್ಲಿ ಕೆಡದ ಸರಕು. ಕೊರಿಯರ್ ದರ ಸಾಮಾನ್ಯವಾಗಿ ಅರ್ಧ ಕೆಜಿಯ ಮೆಟ್ಟಿಲಲ್ಲಿ ಏರುತ್ತದೆ. ಸಂಡೂರಿನ ಲಂಬಾಣಿ ಕಸೂತಿಯ ಒಂದು ಚೀಲ ಮೊದಲ ಮೆಟ್ಟಿಲಲ್ಲೇ ಹೋಗುತ್ತದೆ, ಬೆಲೆಯೂ ಬರುತ್ತದೆ. ಜೀನ್ಸ್ ಪ್ಯಾಂಟು ಅರ್ಧ ಕೆಜಿಯ ಗಡಿಯಲ್ಲೇ ತೂಗಾಡುವ ಸರಕು: ಪ್ಯಾಕಿಂಗ್ ಸೇರಿ 490 ಗ್ರಾಂ ಬಂದರೆ ಒಂದು ದರ, 520 ಬಂದರೆ ಇನ್ನೊಂದು. ಬಟ್ಟೆ ಆರಿಸುವಾಗಲೇ ತಕ್ಕಡಿ ಇಟ್ಟುಕೊಳ್ಳಬೇಕು. ಚಟ್ನಿ ಪುಡಿ ಒಳ್ಳೆಯದು. ರೊಟ್ಟಿ ಹಗುರ, ಆದರೆ ಡಬ್ಬ ದೊಡ್ಡದು. ಅದರ ಕಥೆ ಮುಂದಿದೆ.

ಗಂಗಾವತಿ, ಸಿಂಧನೂರು ಸೋನಾ ಮಸೂರಿ ಅಕ್ಕಿ?

ಕೊರಿಯರ್‌ನಲ್ಲಿ ಗಿಟ್ಟುವುದಿಲ್ಲ. ಕೆಜಿಗೆ ಬರುವ ಸಾಗಣೆ ಖರ್ಚು ಅಕ್ಕಿಯ ದರದ ಹತ್ತಿರಕ್ಕೇ ಹೋಗುತ್ತದೆ. ಫೋನಿನಲ್ಲಿ ಆರ್ಡರ್ ಹಿಡಿದು ಬೆಂಗಳೂರಿಗೋ ಹುಬ್ಬಳ್ಳಿಗೋ ಲಾರಿ ಟ್ರಾನ್ಸ್‌ಪೋರ್ಟಿನಲ್ಲಿ 10–20 ಚೀಲ ಒಟ್ಟಿಗೆ ಹಾಕಿ, ಅಪಾರ್ಟ್‌ಮೆಂಟಿನ ಗುಂಪೊಂದಕ್ಕೆ ಕೊಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ. 2022ರ ಜುಲೈ 18ರಿಂದ ಲೇಬಲ್ ಹಾಕಿದ 25 ಕೆಜಿವರೆಗಿನ ಚೀಲಕ್ಕೆ 5% ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ. ಮಾರುಕಟ್ಟೆಯಲ್ಲಿ 26 ಕೆಜಿ ಚೀಲ ಕಾಣಿಸುವುದಕ್ಕೆ ಇದೇ ಕಾರಣ.

ಜಿಎಸ್‌ಟಿ ಇಲ್ದೇ ಶುರು ಮಾಡಬಹುದಾ?

ಎಲ್ಲಿಗೆ ಮಾರುತ್ತೀರಿ ಎಂಬುದರ ಮೇಲೆ ನಿಂತಿದೆ. ಸರಕು ಮಾತ್ರ ಮಾರುವವರು, ಕರ್ನಾಟಕದೊಳಗೆ ಮಾತ್ರ, ವಾಟ್ಸ್‌ಆ್ಯಪ್ ಅಥವಾ ಇನ್‌ಸ್ಟಾಗ್ರಾಂ ಮೂಲಕ ನೇರವಾಗಿ ಮಾರಿದರೆ ವರ್ಷದ ವಹಿವಾಟು 40 ಲಕ್ಷ ರೂ. ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂಥ ತಾಣದಲ್ಲಿ ಮಾರಲು ಮೊದಲು ಎಲ್ಲರಿಗೂ ಜಿಎಸ್‌ಟಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ವಿನಾಯಿತಿ ಬಂದಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಆದರೆ ಈ ಸೌಲಭ್ಯವನ್ನು ಎಲ್ಲ ತಾಣಗಳೂ ಕೊಡುವುದಿಲ್ಲ, ಖಾತೆ ತೆರೆಯುವ ಮೊದಲೇ ನೋಡಿಕೊಳ್ಳಿ.

ನಮ್ಮ ಕಡೆಯ ತೊಡಕು ಗಡಿ. ಬಳ್ಳಾರಿಗೆ ಗುಂತಕಲ್, ಆದೋನಿ ಹತ್ತಿರ. ರಾಯಚೂರಿಗೆ ಮಂತ್ರಾಲಯ, ಗದ್ವಾಲ ಹತ್ತಿರ. ಸಂತೆಗೆ ಹೋಗಿಬರುವ ದೂರ, ಆದರೆ ತೆರಿಗೆಯ ಲೆಕ್ಕದಲ್ಲಿ ಪರರಾಜ್ಯ. ನೋಂದಣಿ ಇಲ್ಲದೆ ಬೆಂಗಳೂರಿಗೆ ಕಳಿಸಬಹುದು, ಆದೋನಿಗೆ ಆಗುವುದಿಲ್ಲ. ಅಧಿಸೂಚಿತ ಕರಕುಶಲ ವಸ್ತುಗಳ ನೇರ ಮಾರಾಟಕ್ಕೆ ಬೇರೆ ವಿನಾಯಿತಿ ಇದೆ, ಜೀನ್ಸಿಗೆ ಇಲ್ಲ. ಜೀನ್ಸಿನವರು ಮೊದಲ ದಿನವೇ ನೋಂದಣಿ ಮಾಡಿಸಿಕೊಳ್ಳುವುದು ಮೇಲು. ಇಲ್ಲದಿದ್ದರೆ ಬಟ್ಟೆ, ಜಿಪ್, ವಾಷಿಂಗ್ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್, ಅಂದರೆ ಮಾರಾಟದ ತೆರಿಗೆಯಲ್ಲಿ ಅದನ್ನು ಮುರಿದುಕೊಳ್ಳುವ ಅವಕಾಶ, ಕೈತಪ್ಪುತ್ತದೆ.

40 ಲಕ್ಷದ ಲೆಕ್ಕ ಒಂದು ಪ್ಯಾನ್‌ಗೆ ಸೇರಿದ್ದು. ಅಂಗಡಿಯ ಮಾರಾಟ, ಆನ್‌ಲೈನ್ ಮಾರಾಟ, ತೆರಿಗೆ ಇಲ್ಲದ ಬಿಡಿ ಅಕ್ಕಿ ಜೋಳದ ಮಾರಾಟ ಎಲ್ಲ ಕೂಡುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಅಣ್ಣ ತಮ್ಮಂದಿರ ಕೈಗಡ, ಮದುವೆ ಮುಯ್ಯಿ, ವ್ಯಾಪಾರದ ಜಮೆ ಎಲ್ಲ ಒಂದೇ ಖಾತೆಗೆ ಬಂದಿದ್ದರೆ ಬೇರ್ಪಡಿಸಿ ತೋರಿಸುವ ಹೊತ್ತಿಗೆ ಸಾಕಾಗುತ್ತದೆ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಳ್ಳಿ.

ತಾಣದವರು ಹಿಡಿದುಕೊಳ್ಳುವ ಟಿಸಿಎಸ್, ಟಿಡಿಎಸ್ ವಾಪಸ್ ಬರುತ್ತದೆಯೇ?

ಬರುತ್ತದೆ, ಕೇಳಿದರೆ. ಇವೆರಡೂ ನಿಮ್ಮ ಮಾರಾಟದ ದುಡ್ಡಿನಲ್ಲಿ ತಾಣದವರು ಮೊದಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಜಿಎಸ್‌ಟಿ ಟಿಸಿಎಸ್ 2024ರ ಜುಲೈ 10ರಿಂದ 0.5%. ಪೋರ್ಟಲ್‌ನಲ್ಲಿ ಟಿಡಿಎಸ್–ಟಿಸಿಎಸ್ ಕ್ರೆಡಿಟ್ ಪುಟಕ್ಕೆ ಹೋಗಿ ಒಪ್ಪಿಗೆ ಕೊಟ್ಟರಷ್ಟೇ ಅದು ನಿಮ್ಮ ಕ್ಯಾಶ್ ಲೆಡ್ಜರ್‌ಗೆ (ಪೋರ್ಟಲ್‌ನಲ್ಲಿರುವ ನಿಮ್ಮ ತೆರಿಗೆ ಖಾತೆಗೆ) ಇಳಿಯುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟವರು ಬಹಳ. ಆದಾಯ ತೆರಿಗೆಯ ಟಿಡಿಎಸ್ 2024ರ ಅಕ್ಟೋಬರ್ 1ರಿಂದ 0.1%. ಅದು ರಿಟರ್ನ್ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆ.

699ಕ್ಕೆ ಮಾರಿದ ಜೀನ್ಸ್‌ನಲ್ಲಿ ಕೈಗೆ ಎಷ್ಟು ಉಳೀತದೆ?

ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ, ಅದಕ್ಕೇ ಪೂರ್ತಿ ಲೆಕ್ಕ ಬಿಡಿಸುತ್ತೇವೆ. ತೆರಿಗೆ ಬಿಟ್ಟು ಉಳಿದ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ಅಂಕಿ ಹಾಕಿ ನೋಡಿ.

2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಸಿದ್ಧ ಉಡುಪಿಗೆ 5% ಜಿಎಸ್‌ಟಿ. 699ರಲ್ಲಿ ತೆರಿಗೆ ಕಳೆದರೆ 665.71 ರೂ. ಒಂದು ಪೀಸಿನ ತಯಾರಿ 360, ಪ್ಯಾಕಿಂಗ್ 12, ಕಮಿಷನ್ ಮತ್ತು ಸಾಗಣೆ 150. ‘ಒಂದು ಪೀಸಿಗೆ 143 ಉಳಿಯಿತು’ ಎಂದು ಲೆಕ್ಕ ಮುಗಿಸುವುದು ರೂಢಿ.

ಈಗ 100 ಪೀಸು ಕಳಿಸಿ, 20 ವಾಪಸ್ ಬಂದವು ಎನ್ನಿ. ಕೈಗೆ ಬಂದದ್ದು 80 ಪೀಸಿನ ದುಡ್ಡು: 53,257 ರೂ. ತಯಾರಿ 28,800, ಕಮಿಷನ್ ಮತ್ತು ಸಾಗಣೆ 12,000. ಪ್ಯಾಕಿಂಗ್ ಮಾತ್ರ 100 ಪೀಸಿಗೂ ಬೀಳುತ್ತದೆ, 1,200. ವಾಪಸ್ ಸಾಗಣೆ ಪೀಸಿಗೆ 90ರಂತೆ 1,800. ವಾಪಸ್ ಬಂದವುಗಳಲ್ಲಿ ನಾಲ್ಕಕ್ಕೊಂದು ಕೊಳೆಯಾಗಿ, ಟ್ಯಾಗ್ ಹರಿದು ಮತ್ತೆ ಮಾರಲು ಬಾರದು ಎಂದುಕೊಂಡರೆ 5 ಪೀಸು, 1,800. ಜಾಹೀರಾತು ಪೀಸಿಗೆ 15ರಂತೆ 1,500. ಎಲ್ಲ ಕಳೆದರೆ ಉಳಿದದ್ದು 6,157. ಮಾರಿದ ಪೀಸಿಗೆ 77 ರೂ.

ಅದೇ 35 ವಾಪಸ್ ಬಂದರೆ? 65 ಪೀಸಿನ 43,271 ರೂಪಾಯಿಯಲ್ಲಿ ಖರ್ಚೇ 42,240. ನೂರು ಪ್ಯಾಂಟು ಹೊಲಿಸಿ, ಮಡಚಿ, ಕಳಿಸಿದ್ದಕ್ಕೆ ಸಿಕ್ಕಿದ್ದು 1,031 ರೂಪಾಯಿ. ಮನೆಯವರ ಕೂಲಿ ಇದರಲ್ಲಿ ಹಿಡಿದೇ ಇಲ್ಲ. ದರ 20 ರೂ. ಏರಿಸುವುದಕ್ಕಿಂತ ವಾಪಸ್ಸನ್ನು ಹತ್ತು ಪೀಸು ಇಳಿಸುವುದರಲ್ಲಿ ದುಡ್ಡಿದೆ.

ಹಾಗಾದರೆ ಜೀನ್ಸ್ ಯಾಕೆ ವಾಪಸ್ ಬರುತ್ತವೆ?

ಮುಖ್ಯವಾಗಿ ಅಳತೆ. ಟ್ಯಾಗಿನಲ್ಲಿ 32 ಎಂದಿದ್ದರೂ ಪೀಸು 31 ಆಗಿರಬಹುದು, 33 ಆಗಿರಬಹುದು. ಒಂದು ಥಾನಿನ ಬಟ್ಟೆ ವಾಷಿಂಗ್‌ನಲ್ಲಿ ಕುಗ್ಗಿದಷ್ಟು ಇನ್ನೊಂದು ಥಾನಿನದು ಕುಗ್ಗುವುದಿಲ್ಲ. ಪದರದ ಮೇಲೆ ಪದರ ಹಾಸಿ ಕಟಿಂಗ್ ಮಾಡುವಾಗ ಬ್ಲೇಡ್ ಒಂಚೂರು ವಾಲಿದರೂ ಮೇಲಿನ ಪೀಸಿಗೂ ತಳದ ಪೀಸಿಗೂ ವ್ಯತ್ಯಾಸ ಬೀಳುತ್ತದೆ. ಸಗಟಿನಲ್ಲಿ ಇದು ನಡೆದುಹೋಗುತ್ತದೆ, ಏಕೆಂದರೆ ಗಿರಾಕಿ ಅಂಗಡಿಯಲ್ಲಿ ಹಾಕಿ ನೋಡುತ್ತಾನೆ. ಆನ್‌ಲೈನ್‌ನಲ್ಲಿ ಹಾಕಿ ನೋಡುವುದು ನಿಮ್ಮ ಖರ್ಚಿನಲ್ಲಿ.

ಅಳೆಯುವುದು ವಾಷಿಂಗ್ ಆಗಿ, ಪೂರ್ತಿ ಒಣಗಿದ ಮೇಲೆ. ಗುಂಡಿ ಹಾಕಿ, ಮೇಜಿನ ಮೇಲೆ ಎಳೆಯದೆ ಹಾಸಿ, ಸೊಂಟದ ಪಟ್ಟಿಯ ಈ ತುದಿಯಿಂದ ಆ ತುದಿಗೆ ಟೇಪು ಹಿಡಿದು ಎರಡರಿಂದ ಗುಣಿಸಿ. ತೊಡೆಯ ಅಳತೆ ಕವಲಿನಿಂದ ಒಂದು ಇಂಚು ಕೆಳಗೆ. ಕವಲಿನಿಂದ ಮುಂದಿನ ಪಟ್ಟಿಯವರೆಗಿನ ಎತ್ತರ, ಒಳಗಾಲಿನ ಉದ್ದ, ಕೆಳಬಾಯಿ ಕೂಡ ಬರೆದುಕೊಳ್ಳಿ. ಪ್ರತಿ ವಾಷ್ ಲಾಟಿನ ಪ್ರತಿ ಸೈಜಿನಿಂದ 5 ಪೀಸು ಅಳೆದು, ಅರ್ಧ ಇಂಚಿಗಿಂತ ಹೆಚ್ಚು ಅತ್ತಿತ್ತ ಆದರೆ ಆ ಲಾಟನ್ನು ಪೂರ್ತಿ ಅಳೆದು ಟ್ಯಾಗ್ ಬದಲಿಸಿ. ಸೈಜ್ ಚಾರ್ಟ್‌ನಲ್ಲಿ ಪ್ಯಾಂಟಿನ ನಿಜವಾದ ಅಳತೆಯನ್ನೇ ಇಂಚು ಮತ್ತು ಸೆಂಟಿಮೀಟರ್ ಎರಡರಲ್ಲೂ ಹಾಕಿ. ಬೇರೆ ಬ್ರಾಂಡಿನ ಚಾರ್ಟ್ ನಕಲು ಮಾಡಿ ಹಾಕುವುದು ವಾಪಸ್ಸನ್ನು ನೀವೇ ಕರೆದಂತೆ.

ಎರಡನೆಯ ಕಾರಣ ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಪ್ಯಾಂಟನ್ನು ಹತ್ತು ಸಲ ಉಜ್ಜಿ. ನೀಲಿ ಹತ್ತಿದರೆ ‘ಮೊದಲ ಎರಡು ಮೂರು ಸಲ ಬೇರೆಯಾಗಿ ಒಗೆಯಿರಿ’ ಎಂದು ಪುಟದಲ್ಲೂ ಬರೆಯಿರಿ, ಚೀಟಿಯಲ್ಲೂ ಹಾಕಿ. ಫೋಟೊ ಬೆಳಿಗ್ಗೆ ನೆರಳಿನಲ್ಲಿ ತೆಗೆಯಿರಿ. ನಮ್ಮ ಮಧ್ಯಾಹ್ನದ ಬಿಸಿಲಲ್ಲಿ ಕಡುನೀಲಿಯೂ ತಿಳಿನೀಲಿಯಾಗಿ ಕಾಣುತ್ತದೆ. ಮುಖ್ಯ ಚಿತ್ರಕ್ಕೆ ಬಿಳಿ ಹಿನ್ನೆಲೆ ಇರಲಿ. ಉದ್ದನೆಯ ಬದಿ 1,000 ಪಿಕ್ಸೆಲ್‌ಗಿಂತ ಹೆಚ್ಚಿದ್ದರೆ ದೊಡ್ಡದು ಮಾಡಿ ನೋಡಲು ಬರುತ್ತದೆ.

ಮನೆಯಾಗ ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡ್ತೀವಿ. ಲೈಸೆನ್ಸ್ ಬೇಕಾ?

ಬೇಕು. ಮನೆ ಅಡುಗೆಮನೆಯಲ್ಲಿ ಮಾಡಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ) ನೋಂದಣಿ ಬೇಕು. ಅದರ ಫೋಸ್ಕೋಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಸಣ್ಣ ತಯಾರಕರಿಗೆ ನೋಂದಣಿ, ವಹಿವಾಟು ದೊಡ್ಡದಾದರೆ ಲೈಸೆನ್ಸ್. ಸಿಗುವ 14 ಅಂಕಿಯ ಸಂಖ್ಯೆ ಪ್ರತಿ ಪ್ಯಾಕೆಟ್ ಮೇಲೆ ಇರಬೇಕು.

ಲೇಬಲ್‌ನಲ್ಲಿ ಇನ್ನೂ ಏನೇನು ಎಂದರೆ: ಪದಾರ್ಥದ ಹೆಸರು, ಹಾಕಿದ ಸಾಮಗ್ರಿ ತೂಕದ ಇಳಿಕೆ ಕ್ರಮದಲ್ಲಿ, ಪೋಷಕಾಂಶದ ಪಟ್ಟಿ, ಹಸಿರು ಚುಕ್ಕೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ಪೂರ್ತಿ ವಿಳಾಸ, ದೂರಿಗೆ ಫೋನ್ ಮತ್ತು ಇಮೇಲ್. ಶೇಂಗಾ ಅಲರ್ಜಿ ತರುವ ಪದಾರ್ಥ, ಅದನ್ನು ಬೇರೆಯಾಗಿ ಹೇಳಲೇಬೇಕು. ಹೆಚ್ಚಿನವರು ಮರೆಯುವುದು ಬಿಡಿ ದರ: 200 ಗ್ರಾಂ ಪ್ಯಾಕೆಟ್‌ಗೆ 120 ರೂ. ಇದ್ದರೆ ‘ಗ್ರಾಂಗೆ 0.60 ರೂ.’ ಎಂದು ಮುದ್ರಿಸಬೇಕು.

ಪುಡಿ ಒಂದು ತಿಂಗಳಿಗೇ ಕಮಟು ವಾಸನೆ ಬರುತ್ತಿದೆ. ಏಕೆ?

ಶೇಂಗಾ, ಗುರೆಳ್ಳು, ಅಗಸಿ ಮೂರರಲ್ಲೂ ಎಣ್ಣೆ ಹೆಚ್ಚು. ಗಾಳಿ, ಬೆಳಕು, ಸೆಕೆ ಮೂರೂ ಸೇರಿದರೆ ಎಣ್ಣೆ ಕೆಡುತ್ತದೆ. ಏಪ್ರಿಲ್, ಮೇನಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಕೊರಿಯರ್ ವ್ಯಾನಿನೊಳಗೆ ಇನ್ನೂ ಹೆಚ್ಚು. ತೆಳ್ಳನೆಯ ಪಾರದರ್ಶಕ ಕವರಿನಲ್ಲಿ ಹಾಕಿದರೆ ಎಣ್ಣೆ ಹೊರಗೆ ಒಸರಿ ಲೇಬಲ್ ಕೂಡ ಕಿತ್ತುಬರುತ್ತದೆ. ಒಳಗೆ ಅಲ್ಯೂಮಿನಿಯಂ ಹಾಳೆ ಇರುವ ಪದರದ ಪೌಚ್ ಬಳಸಿ.

ಹುರಿದದ್ದು ಪೂರ್ತಿ ಆರಿದ ಮೇಲೆಯೇ ಕುಟ್ಟಿ, ಕುಟ್ಟಿದ್ದು ಮತ್ತೆ ಆರಿದ ಮೇಲೆ ತುಂಬಿ. ಬಿಸಿಯಿದ್ದಾಗ ತುಂಬಿದರೆ ಆವಿ ಒಳಗೇ ನೀರಾಗಿ ಗಂಟು ಕಟ್ಟುತ್ತದೆ, ಬೂಷ್ಟು ಬರುತ್ತದೆ. ಹಸಿ ಬೆಳ್ಳುಳ್ಳಿ ಹಾಕುವವರು ಅದನ್ನು ಗರಿಗರಿ ಹುರಿದೇ ಹಾಕಬೇಕು. ಮುದುಡಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಶೇಂಗಾ ಕಾಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಅಫ್ಲಾಟಾಕ್ಸಿನ್ ಎಂಬ ವಿಷ ಅಂಥ ಕಾಳಿನಲ್ಲೇ ಹೆಚ್ಚು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಪೌಚ್ ಸೋರುವುದು ಸಾಮಾನ್ಯವಾಗಿ ಸೀಲ್ ಬೀಳುವ ಜಾಗದಲ್ಲಿ ಪುಡಿ ಅಂಟಿದ್ದರಿಂದ. ಅಗಲ ಬಾಯಿಯ ಲಾಳಿಕೆಯಿಂದ ತುಂಬಿ, ಬಾಯಿಯ ಒಳಬದಿ ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಸೀಲ್ ಮಾಡಿ. ಬಾಳಿಕೆ ಎಷ್ಟು ಎಂದು ಊಹಿಸಿ ಬರೆಯಬೇಡಿ. ಒಂದೇ ಬ್ಯಾಚಿನ 8 ಪೌಚ್ ಅಟ್ಟದ ಸೆಕೆಯಲ್ಲಿಟ್ಟು 15 ದಿನಕ್ಕೊಂದು ಒಡೆದು ಮೂಸಿ, ತಿಂದು ನೋಡಿ. ಯಾವುದು ಕೆಟ್ಟಿತೋ ಅದಕ್ಕಿಂತ ಒಂದು ತಿಂಗಳು ಹಿಂದಿನ ಅವಧಿ ಹಾಕಿ, ಲ್ಯಾಬಿನಲ್ಲೂ ಒಮ್ಮೆ ಪರೀಕ್ಷೆ ಮಾಡಿಸಿ.

ಖಡಕ್ ರೊಟ್ಟಿ ಬೆಂಗಳೂರಿಗೆ ಹೋಗೋ ಹೊತ್ತಿಗೆ ಚೂರಾಗಿರ್ತದೆ. ಏನ್ ಮಾಡ್ಬೇಕು?

ಡಬ್ಬದೊಳಗೆ ರೊಟ್ಟಿ ಅಲುಗುತ್ತಿದೆ ಎಂದರ್ಥ. 10 ರೊಟ್ಟಿಗೊಂದು ಗಾಳಿಯಾಡದ ಕವರು, ಕೆಳಗೂ ಮೇಲೂ ರೊಟ್ಟಿಯಷ್ಟೇ ಅಗಲದ ದಪ್ಪ ರಟ್ಟು, ಐದು ಪದರದ ಡಬ್ಬ, ಸುತ್ತ ಎರಡು ಬೆರಳು ಜಾಗ ಬಿಟ್ಟು ಅಲ್ಲಿ ಕಾಗದ ಗಿಡಿದು ತುಂಬಿ. ಡಬ್ಬ ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಸಪ್ಪಳ ಬರಬಾರದು. ಆಮೇಲೆ ಸೊಂಟದೆತ್ತರದಿಂದ ಆರೂ ಬದಿ, ಒಂದು ಮೂಲೆ ನೆಲಕ್ಕೆ ಬೀಳುವಂತೆ ಬಿಟ್ಟು, ತೆರೆದು ಎಣಿಸಿ. ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ಒಡೆದರೆ ಪ್ಯಾಕಿಂಗ್ ಸಾಲದು.

ಮಳೆಗಾಲದಲ್ಲಿ ಮಾತ್ರ ತೊಂದರೆ ತದ್ವಿರುದ್ಧ, ರೊಟ್ಟಿ ಒಡೆಯುವ ಬದಲು ಮೆತ್ತಗಾಗುತ್ತದೆ. ಆಹಾರದ ಪ್ಯಾಕೆಟ್‌ಗೆಂದೇ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೇಯಿಸಿದ ಮರುದಿನವೇ ಕವರಿಗೆ ಸೇರಿಸಿ.

ತೂಕ 800 ಗ್ರಾಂ ಇದ್ದರೂ ಕೊರಿಯರ್‌ನವರು ಒಂದೂವರೆ ಕೆಜಿ ಮೇಲೆ ಬಿಲ್ ಹಾಕಿದ್ದಾರೆ. ಮೋಸವೇ?

ಅಲ್ಲ, ಗಾತ್ರದ ತೂಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದರ. 26×26×12ರ ರೊಟ್ಟಿ ಡಬ್ಬಕ್ಕೆ 8,112 ಭಾಗ 5,000, ಅಂದರೆ 1.62 ಕೆಜಿ. ಅರ್ಧ ಕೆಜಿ ಮೆಟ್ಟಿಲಿನ ಲೆಕ್ಕದಲ್ಲಿ ಅದು 2 ಕೆಜಿ ಆಗುತ್ತದೆ. ಎತ್ತರ ಒಂದೇ ಒಂದು ಸೆಂಟಿಮೀಟರ್ ಇಳಿಸಿದರೆ 1.49 ಬಂದು ಒಂದೂವರೆಯಲ್ಲೇ ನಿಲ್ಲುತ್ತದೆ! ಉಳಿದ ಜಾಗಕ್ಕೆ ಕಾಗದದ ಬದಲು 200 ಗ್ರಾಂ ಚಟ್ನಿ ಪುಡಿಯ ಪೌಚ್ ಇಟ್ಟು ಜೋಡಿಯಾಗಿ ಮಾರಿದರೆ ಸಾಗಣೆ ಖರ್ಚು ಎರಡಕ್ಕೂ ಹಂಚಿಹೋಗುತ್ತದೆ.

ಕಿನ್ನಾಳ ಗೊಂಬೆಗೆ ಐಎಸ್‌ಐ ಗುರುತು ಕೇಳುತ್ತಿದ್ದಾರೆ. ಎಲ್ಲಿಂದ ತರುವುದು?

ಆಟಿಕೆಗಳಿಗೆ 2021ರ ಜನವರಿಯಿಂದ ಬಿಐಎಸ್ ಪ್ರಮಾಣ (ಐಎಸ್‌ಐ ಗುರುತು) ಕಡ್ಡಾಯವಾಗಿದೆ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತ ಕುಶಲಕರ್ಮಿಗಳು ಮಾಡಿದ ಆಟಿಕೆಗೂ, ಭೌಗೋಳಿಕ ಸೂಚಿಯ (ಜಿಐ, ಒಂದು ಊರಿನ ವಿಶಿಷ್ಟ ಸರಕಿಗೆ ಸಿಗುವ ಮಾನ್ಯತೆ) ಅಧಿಕೃತ ಬಳಕೆದಾರರು ಮಾಡಿದ್ದಕ್ಕೂ ವಿನಾಯಿತಿ ಇದೆ. ಆ ಕಚೇರಿ ಕೊಡುವ ಕುಶಲಕರ್ಮಿಯ ಪೆಹಚಾನ್ ಕಾರ್ಡ್ ಪ್ರತಿಯನ್ನು ತಾಣಕ್ಕೆ ಅಪ್‌ಲೋಡ್ ಮಾಡಿ. ನೋಡಲಷ್ಟೇ ಇಡುವ ದೇವರ ಮೂರ್ತಿ, ಗರುಡ, ಅಂಬಾರಿ ಆನೆಗಳನ್ನು ಆಟಿಕೆ ವಿಭಾಗಕ್ಕೆ ಹಾಕದೆ ಅಲಂಕಾರಿಕ ವಸ್ತುಗಳಲ್ಲಿ ಹಾಕುವುದೇ ಸರಿ. ಕಿನ್ನಾಳಕ್ಕೂ ಸಂಡೂರು ಲಂಬಾಣಿ ಕಸೂತಿಗೂ ಜಿಐ ಮಾನ್ಯತೆ ಇರುವುದರಿಂದ ಯಂತ್ರದಲ್ಲಿ ಮಾಡಿದ್ದಕ್ಕೆ ಆ ಹೆಸರು ಹಚ್ಚುವಂತಿಲ್ಲ, 1999ರ ಜಿಐ ಕಾಯ್ದೆಯಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ.

ಪ್ಯಾಕಿಂಗ್ ಬಗ್ಗೆ ಒಂದು ಮಾತು. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿರುತ್ತಾರೆ. ಪೆಟ್ಟು ಬಿದ್ದರೆ ಮೊದಲು ಬಿಡುವುದು ಕೈ, ಸೊಂಡಿಲು, ಕಿವಿ. ಚಾಚಿದ ಅಂಗಗಳಿಗೆ ಮೊದಲು ಮೆತ್ತನೆ ಕಾಗದ ಸುತ್ತಿ, ಆಮೇಲೆ ಇಡೀ ಗೊಂಬೆಗೆ. ಬಣ್ಣ ಪೂರ್ತಿ ಒಣಗದೆ ಬಬಲ್ ಶೀಟ್ ಸುತ್ತಿದರೆ ಗುಂಡುಗುಂಡು ಅಚ್ಚು ಬಣ್ಣದ ಮೇಲೆ ಮೂಡಿ, ಗೊಂಬೆಗೆ ಸಿಡುಬು ಎದ್ದಂತೆ ಕಾಣುತ್ತದೆ. ಒಳಗೆ ಬಟರ್ ಪೇಪರ್ ಹಾಕಿ, ಬಬಲಿನ ಉಬ್ಬು ಹೊರಮುಖವಾಗಿರಲಿ.

ಕ್ಯಾಶ್ ಆನ್ ಡೆಲಿವರಿ ಕೊಡಬೇಕೇ?

ಕೊಡದಿದ್ದರೆ ಆರ್ಡರ್ ಕಡಿಮೆ, ಕೊಟ್ಟರೆ ವಾಪಸ್ ಹೆಚ್ಚು. ನೇರವಾಗಿ ಮಾರುವವರು 50–100 ರೂ. ಮುಂಗಡ ಯುಪಿಐನಲ್ಲಿ ತೆಗೆದುಕೊಂಡು ಉಳಿದದ್ದು ಬಾಗಿಲಲ್ಲಿ ಪಡೆಯಿರಿ. ಕಳಿಸುವ ಮೊದಲು ಒಂದು ಫೋನು ಮಾಡಿ ವಿಳಾಸ, ಸೈಜು ಓದಿ ಹೇಳಿ. ‘ಹುಡುಗ್ರು ಮೊಬೈಲ್ ಒತ್ಯಾರ’ ಎಂಬ ಆರ್ಡರ್ ಅಲ್ಲೇ ತಿಳಿಯುತ್ತದೆ.

ಯುಪಿಐ ಮೋಸದಿಂದ ಪಾರಾಗುವುದು ಹೇಗೆ?

ಸ್ಕ್ರೀನ್‌ಶಾಟ್ ನೋಡಿ ಸರಕು ಕಳಿಸಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಜಮೆ ನೋಡಿ. ದುಡ್ಡು ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿತೆಂದರೆ ದುಡ್ಡು ನಿಮ್ಮದೇ ಹೋಗುತ್ತಿದೆ. ಸೈನಿಕ ಎಂದು ಹೇಳಿಕೊಂಡು 50 ಪ್ಯಾಕೆಟ್ ಆರ್ಡರ್ ಕೊಟ್ಟು ಕ್ಯೂಆರ್ ಕಳಿಸುವುದು, ‘ತಪ್ಪಿ ಹತ್ತು ಸಾವಿರ ಹಾಕಿಬಿಟ್ಟೆ, ಒಂಬತ್ತು ವಾಪಸ್ ಹಾಕಿ’ ಎಂದು ನಕಲಿ ಮೆಸೇಜ್ ತೋರಿಸುವುದು ಹಳೆಯ ಆಟಗಳು, ಇನ್ನೂ ನಡೆಯುತ್ತಿವೆ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಕೊಡುವ ಉದ್ಯಮ್ ನೋಂದಣಿ ಉಚಿತ. ಅದಕ್ಕೆ ಎರಡು ಸಾವಿರ ಕೇಳುವ ಕರೆ ಬಂದರೆ ಇಟ್ಟುಬಿಡಿ.

ಎಷ್ಟು ಬಂಡವಾಳ ಬೇಕು? ಸಾಲ ಮಾಡಬಹುದೇ?

ದಿನಕ್ಕೆ 10 ಪೀಸು ಹೋಗುತ್ತದೆ, ಕಳಿಸಿದ ದಿನದಿಂದ ದುಡ್ಡು ಖಾತೆಗೆ ಬರಲು 20 ದಿನ ಎಂದುಕೊಳ್ಳಿ. ಮೇಲಿನ ಜೀನ್ಸ್ ಲೆಕ್ಕದಂತೆ ತಯಾರಿ, ಪ್ಯಾಕಿಂಗ್ ಸೇರಿ ಪೀಸಿಗೆ 372ರಂತೆ 74,400 ರೂ. ಯಾವಾಗಲೂ ದಾರಿಯಲ್ಲೇ ಇರುತ್ತದೆ. ಬಟ್ಟೆ ಅಂಗಡಿಯವರು ಉದ್ರಿ ಕೊಡುವ ದಿನಗಳು ಇದಕ್ಕಿಂತ ಕಡಿಮೆಯಿದ್ದರೆ ಮಾರಾಟ ಏರಿದಷ್ಟೂ ಕೈ ಬಿಗಿಯಾಗುತ್ತದೆ. ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ ಸಿಗುತ್ತದೆ. ಮೊದಲ 100 ಆರ್ಡರ್ ಸ್ವಂತ ದುಡ್ಡಿನಲ್ಲಿ ಕಳಿಸಿ, ವಾಪಸ್ ಎಷ್ಟು ಎಂದು ತಿಳಿದ ಮೇಲೆ ಬ್ಯಾಂಕಿಗೆ ಹೋಗಿ.

ವಾಪಸ್ ಬಂದ ಪಾರ್ಸೆಲ್‌ನಲ್ಲಿ ಹಳೇ ಪ್ಯಾಂಟ್ ಇತ್ತು. ಈಗೇನು?

ಪಾರ್ಸೆಲ್ ತೆರೆಯುವ ಮೊದಲೇ ಮೊಬೈಲ್ ಸ್ಟ್ಯಾಂಡಿಗೆ ಹಾಕಿ ವಿಡಿಯೊ ಶುರು ಮಾಡಿರಬೇಕು. ಮೊದಲು ಲೇಬಲ್‌ನ ಸಂಖ್ಯೆ ಓದುವಂತೆ ತೋರಿಸಿ, ಆರೂ ಬದಿ ತಿರುಗಿಸಿ, ತಕ್ಕಡಿಯ ಮೇಲಿಟ್ಟು ತೂಕ ಕಾಣುವಂತೆ ಹಿಡಿದು, ನಡುವೆ ಎಲ್ಲೂ ನಿಲ್ಲಿಸದೆ ಕತ್ತರಿಸಿ ತೆಗೆಯಿರಿ. ಕಳಿಸುವಾಗಲೂ ತೂಕದ ಫೋಟೊ ಇಟ್ಟುಕೊಂಡಿದ್ದರೆ ಎರಡನ್ನೂ ಸೇರಿಸಿ ದೂರು ಹಾಕಬಹುದು. ದೂರಿಗೆ ಪ್ರತಿ ತಾಣದಲ್ಲೂ ದಿನಗಳ ಗಡುವಿದೆ, ಆದ್ದರಿಂದ ವಾಪಸ್ ಚೀಲವನ್ನು ಭಾನುವಾರಕ್ಕೆಂದು ಮೂಲೆಗೆ ಹಾಕದೆ ಬಂದ ದಿನವೇ ಬಿಚ್ಚಿ. ಒಳಗೆ ನಮ್ಮದೇ ಪೀಸು ಎಂದು ಗುರುತಿಸಲು ಸೊಂಟದ ಪಟ್ಟಿಯ ಒಳಬದಿ, ಗುಂಡಿಯ ಹಿಂದೆ, ಅಳಿಸಲಾಗದ ಶಾಯಿಯಲ್ಲಿ ಲಾಟ್ ಸಂಖ್ಯೆ ಹಾಕಿಸಿ. ವಾಷಿಂಗ್ ಮುಗಿದ ಮೇಲೆ ಹಾಕಿದರೆ ಮಾತ್ರ ಉಳಿಯುತ್ತದೆ.